ಲಂಡನ್‌ನಿಂದ ಪ್ಯಾರಿಸ್‌ಗೆ ಗುಂಪಾಗಿ ಸೈಕಲ್‌ನಲ್ಲಿ ಹೋಗಲು ಮೂರು ದಿನ ಸಾಕೇ?

ನಿಮ್ಮದು ಎಂಟು ಜನರ ಗುಂಪು, ಅದರಲ್ಲಿ ಇಬ್ಬರು ಮೂವರು ಪಳಗಿದ ಸವಾರರು, ಮಿಕ್ಕವರು ವಾರಕ್ಕೊಮ್ಮೆ ಸೈಕಲ್ ಹತ್ತುವವರು. ಮೂರು ದಿನದಲ್ಲಿ ಮುಟ್ಟಬಹುದೇ, ಯಾವ ದಾರಿ ಒಳ್ಳೆಯದು ಎಂದು ಕೇಳಿದ್ದೀರಿ. ಇಂಥದ್ದೇ ಮಿಶ್ರ ಗುಂಪಿನ ಜೊತೆ ನಾನು ಈ ದಾರಿಯಲ್ಲಿ ಹೋಗಿದ್ದೇನೆ. ದಯವಿಟ್ಟು ಆರು ದಿನ ಇಟ್ಟುಕೊಳ್ಳಿ.

ಒಬ್ಬರೇ ಹೋದಾಗ ಗಂಟೆಗೆ 18 ಕಿ.ಮೀ. ಸಾಗುವವರು ಕೂಡ ಎಂಟು ಜನರ ನಡುವೆ ಬೆಳಗ್ಗೆಯಿಂದ ಸಂಜೆಯ ಸರಾಸರಿ ತೆಗೆದರೆ 12ರ ಆಸುಪಾಸಿಗೆ ಇಳಿಯುತ್ತಾರೆ. ಒಬ್ಬರ ಟಯರ್ ಪಂಕ್ಚರ್ ಆದರೆ ಎಲ್ಲರೂ ನಿಲ್ಲಬೇಕು. ಒಬ್ಬರು ಜಾಕೆಟ್ ಬಿಚ್ಚಲು ನಿಂತು ಹೊರಟ ಹತ್ತು ನಿಮಿಷಕ್ಕೆ ಇನ್ನೊಬ್ಬರಿಗೆ ಹಸಿವು. ಈ ಲೆಕ್ಕದಲ್ಲಿ 80 ಕಿ.ಮೀ. ಎಂದರೆ ಆರೂವರೆ ಗಂಟೆಗೂ ಮೀರುತ್ತದೆ. ಮೂರು ದಿನದ ಯೋಜನೆ ಮಾಡಿದರೆ ದಿನಕ್ಕೆ ಇದಕ್ಕಿಂತ ಬಹಳ ಹೆಚ್ಚು ತುಳಿಯಬೇಕು; ಆಗ ನಿಧಾನದವರು ದಿನವಿಡೀ ಏದುಸಿರು ಬಿಡುತ್ತಾ ಹಿಂದೆ ಉಳಿಯುತ್ತಾರೆ, ವೇಗದವರು ಕಾದೂ ಕಾದೂ ಸಿಡುಕುತ್ತಾರೆ. ಎರಡನೆಯ ಸಂಜೆಯ ಹೊತ್ತಿಗೆ ಗುಂಪು ಎರಡಾಗಿರುತ್ತದೆ.

ದಾರಿಯ ವಿಷಯ. ಡೋವರ್-ಕ್ಯಾಲೆ ಬಂದರುಗಳ ಮೂಲಕ ಹೋದರೆ ಹಡಗಿನ ಪ್ರಯಾಣ ಒಂದೂವರೆ ಗಂಟೆ ಮಾತ್ರ, ದಾನಕ್ಕೆಂದು ಹಣ ಕೂಡಿಸುವ ಸವಾರಿಗಳು ಬಹಳಷ್ಟು ಅಲ್ಲೇ ಸಾಗುತ್ತವೆ. ಆದರೆ ಅವರ ಹಿಂದೆ ಸಾಮಾನಿನ ವ್ಯಾನ್, ಮೆಕ್ಯಾನಿಕ್ ಎಲ್ಲ ಇರುತ್ತಾರೆ. ನೀವೇ ಬ್ಯಾಗ್ ಹೊತ್ತು ಹೋಗುವುದಾದರೆ ಇಂಗ್ಲೆಂಡಿನ ನ್ಯೂಹೇವನ್ ಬಂದರಿನಿಂದ ಫ್ರಾನ್ಸ್‌ನ ಡಿಯೆಪ್‌ಗೆ ಹಡಗಿನಲ್ಲಿ ದಾಟುವ ‘ಅವೆನ್ಯೂ ವೆರ್ತ್’ ಹಿಡಿಯಿರಿ. 2012ರಲ್ಲಿ, ಲಂಡನ್ ಒಲಿಂಪಿಕ್ಸ್ ಸಮಯಕ್ಕೆ ಗುರುತಿಸಿದ ಸೈಕಲ್ ಮಾರ್ಗ ಇದು. ಥೇಮ್ಸ್ ದಂಡೆಯ ಲಂಡನ್ ಐನಿಂದ ಪ್ಯಾರಿಸ್‌ನ ನೋತ್ರ್ ದಾಮ್‌ವರೆಗೆ ಸುಮಾರು 400 ಕಿ.ಮೀ. ಸುತ್ತುದಾರಿಯೇನೋ ನಿಜ, ಆದರೆ ಲಾರಿಗಳ ಕಾಟ ಬಹಳ ಕಡಿಮೆ.

ಕಷ್ಟವೆಲ್ಲ ಇಂಗ್ಲೆಂಡಿನ ಕಡೆಗೇ ಇದೆ. ಇದನ್ನು ಗುಂಪಿನ ಎಲ್ಲರಿಗೂ ಮೊದಲೇ ಹೇಳಿಡಿ. ಲಂಡನ್ ದಾಟುವುದಕ್ಕೇ ಅರ್ಧ ದಿನ ಹೋಗುತ್ತದೆ. ಗ್ಯಾಟ್‌ವಿಕ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಸಾಗಿ ಈಸ್ಟ್ ಗ್ರಿನ್‌ಸ್ಟೆಡ್ ತಲುಪಿದ ಮೇಲೆ ಹಳೆಯ ರೈಲು ಮಾರ್ಗದ ಮೇಲಿನ ಫಾರೆಸ್ಟ್ ವೇ ಸಿಗುತ್ತದೆ. ಆಮೇಲೆ ಹೀತ್‌ಫೀಲ್ಡ್‌ನಿಂದ ಅಂಥದ್ದೇ ಕುಕೂ ಟ್ರೇಲ್. ಇವೆರಡರ ನಡುವೆ ಮಾತ್ರ ಹೈ ವೀಲ್ಡ್ ಎಂಬ ಪ್ರದೇಶದ ದಿಬ್ಬಗಳು. ಒಂದೊಂದೂ ಸಣ್ಣ ಏರೇ, ಆದರೆ ಕಡಿದು, ಒಂದಾದ ಮೇಲೊಂದು. ಬ್ಯಾಗ್ ಕಟ್ಟಿದ ಸೈಕಲ್‌ನಲ್ಲಿ ಇಳಿದು ತಳ್ಳುವವರು ಇದ್ದೇ ಇರುತ್ತಾರೆ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಆದ್ದರಿಂದ ಲಂಡನ್‌ನಿಂದ ನ್ಯೂಹೇವನ್‌ಗೆ ಪೂರ್ತಿ ಎರಡು ದಿನ ಕೊಡಿ. ಹಡಗು ಹಿಡಿಯುವ ಆತುರದಲ್ಲಿ ಈ ದಿಬ್ಬ ಹತ್ತುವುದು ಯಾರಿಗೂ ಬೇಡ.

ಹಡಗಿಗೆ ಸುಮಾರು ನಾಲ್ಕು ಗಂಟೆ ಬೇಕು, ಫ್ರಾನ್ಸ್‌ನ ಗಡಿಯಾರ ಒಂದು ಗಂಟೆ ಮುಂದೆ. ರಾತ್ರಿ ಹಡಗು ಹತ್ತಿ ದಿನ ಉಳಿಸುವ ಆಸೆ ಬಿಟ್ಟುಬಿಡಿ. ನಿದ್ದೆಗೆಟ್ಟು, ಜೀವನದಲ್ಲಿ ಮೊದಲ ಸಲ ರಸ್ತೆಯ ಬಲಬದಿಯಲ್ಲಿ, ಕತ್ತಲಲ್ಲಿ ಸೈಕಲ್ ತುಳಿಯುವುದು ನನಗಂತೂ ಸರಿ ಕಾಣುವುದಿಲ್ಲ. ಬಲಬದಿಯ ಅಪಾಯ ಇರುವುದು ಬಂದರಿನಿಂದ ಹೊರಬೀಳುವಾಗಲ್ಲ, ಆಗ ಎಲ್ಲರೂ ಎಚ್ಚರವಾಗಿರುತ್ತಾರೆ. ಮಧ್ಯಾಹ್ನ ಊಟ ಮುಗಿಸಿ ಖಾಲಿ ರಸ್ತೆಗೆ ಇಳಿದಾಗ ಹಳೆಯ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಹೊರಡುವ ಪ್ರತಿ ಸಲವೂ ಮುಂದಿನವರು ‘ಬಲಕ್ಕೆ!’ ಎಂದು ಕೂಗುವ ರೂಢಿ ಮಾಡಿಕೊಳ್ಳಿ. ಹಳ್ಳಿಗಳೊಳಗೆ ಬೇರೆ ಫಲಕ ಇಲ್ಲದಿದ್ದರೆ ಬಲಗಡೆಯ ಸಣ್ಣ ಓಣಿಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು, ಇದನ್ನೂ ನೆನಪಿಡಿ. ಇಯರ್‌ಫೋನ್ ಹಾಕಿಕೊಂಡು ಸೈಕಲ್ ಓಡಿಸುವುದು ಅಲ್ಲಿ 2015ರಿಂದ ನಿಷಿದ್ಧ.

ಗುಂಪು ಚದುರದಂತೆ ನೋಡಿಕೊಳ್ಳಲು ನಾನು ಕಂಡ ಅತ್ಯುತ್ತಮ ಉಪಾಯ ಇದು. ಮುಂದೆ ದಾರಿ ತೋರುವವರು ಒಬ್ಬರು, ಎಲ್ಲರಿಗಿಂತ ಹಿಂದೆ ಬರುವವರು ಒಬ್ಬರು. ಇವರಿಬ್ಬರನ್ನು ಬೆಳಗ್ಗೆಯೇ ಗೊತ್ತು ಮಾಡಿ. ಕವಲು ಬಂದಾಗ ಮುಂದಾಳುವಿನ ಹಿಂದಿರುವವರು ಅಲ್ಲೇ ನಿಂತು ಕೈ ತೋರಿಸಬೇಕು, ಕೊನೆಯವರು ಬಂದ ಮೇಲಷ್ಟೇ ಹೊರಡಬೇಕು. ಹೀಗೆ ಮಾಡಿದರೆ ವೇಗದವರು ತಮ್ಮ ವೇಗದಲ್ಲಿ ಹೋಗಬಹುದು, ದಾರಿ ತಪ್ಪುವ ಭಯ ನಿಧಾನದವರಿಗೆ ಇರುವುದಿಲ್ಲ. ಹಿಂದೆ ಬರುವ ಕೆಲಸವನ್ನು ಪಳಗಿದವರಿಗೇ ಕೊಡಿ, ಪಂಕ್ಚರ್ ಹಾಕುವ ಸಾಮಾನು ಅವರ ಬಳಿ ಇರಲಿ. ಇನ್ನೊಂದು: ನಿಧಾನದವರು ಬಂದು ಸೇರಿದ ಕ್ಷಣವೇ ಉಳಿದವರು ಹೊರಟುಬಿಡಬಾರದು. ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವರಿಗೇ ಅದು ಸಿಗದೆ ಹೋಗುವ ಈ ಅನ್ಯಾಯ ಬಹಳ ಗುಂಪುಗಳಲ್ಲಿ ನಡೆಯುತ್ತದೆ.

ಡಿಯೆಪ್ ದಾಟಿದ ಮೇಲೆ ಮನಸ್ಸು ಹಗುರಾಗುತ್ತದೆ. ಆರ್ಕ್-ಲಾ-ಬತಾಯ್‌ನಿಂದ ಫೋರ್ಜ್-ಲೆ-ಝೋವರೆಗೆ ಸುಮಾರು 45 ಕಿ.ಮೀ. ಹಳೆಯ ರೈಲು ಹಾದಿ, ಈಗ ನುಣುಪಾದ ಡಾಂಬರು. ಮೋಟಾರು ವಾಹನ ಇಲ್ಲ, ಏರು ಗೊತ್ತೇ ಆಗುವುದಿಲ್ಲ, ಇಬ್ಬಿಬ್ಬರು ಪಕ್ಕಪಕ್ಕ ಮಾತಾಡುತ್ತಾ ಹೋಗಬಹುದು. ಹಡಗಿನ ದಿನ ನ್ಯೂಶಾಟೆಲ್-ಆನ್-ಬ್ರೇವರೆಗೆ ಹೋದರೆ ಸಾಕು. ಮರುದಿನ ಕೋಟೆಯ ಊರು ಜಿಸೋರ್, ಅದರ ಮರುದಿನ ಎಪ್ಟ್ ನದಿಯ ಕಣಿವೆ ಹಿಡಿದು ಸೆರ್ಜಿ ಕಡೆಗೆ. ಹಳ್ಳಿಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ಭಾನುವಾರ ಸೋಮವಾರಗಳಂದು ಬ್ರೆಡ್ಡೂ ಸಿಗದಿರಬಹುದು, ಆದ್ದರಿಂದ ಎಂಟು ಜನರ ಬುತ್ತಿಯನ್ನು ಬೆಳಗ್ಗೆಯೇ ಕೊಂಡುಬಿಡಿ. ನೀರು ಮುಗಿದರೆ ಊರ ಸ್ಮಶಾನದಲ್ಲಿ ನಲ್ಲಿ ಹುಡುಕಿ, ಅಲ್ಲಿಯ ಸವಾರರೆಲ್ಲ ಮಾಡುವುದು ಅದನ್ನೇ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ.

ಕೊನೆಯ ದಿನಕ್ಕೆ ಕಡಿಮೆ ದೂರ ಉಳಿಸಿಕೊಳ್ಳಿ. ವಾಜ್ ಮತ್ತು ಸೆನ್ ನದಿಗಳು ಕೂಡುವ ಕಾನ್‌ಫ್ಲಾಂ ದಾಟಿ, ಕೊನೆಗೆ ಸಾಂ ದನಿ ಕಾಲುವೆಯ ದಂಡೆ ಹಿಡಿದು ನಗರದೊಳಗೆ ಹೋಗುತ್ತೀರಿ; ಅಲ್ಲಿ ಜನಸಂದಣಿ, ಸಿಗ್ನಲ್, ವೇಗ ಸಾಧ್ಯವಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್‌ನದು ಮತ್ತು ಷೆಂಗನ್ (ಫ್ರಾನ್ಸ್ ಸೇರಿದ ಯೂರೋಪಿನ ದೇಶಗಳ ಗುಂಪು) ಎಂದು ಎರಡು ಬೇರೆ ಬೇರೆ ವೀಸಾ ಬೇಕು, ಮೊದಲು ಅದನ್ನು ಮುಗಿಸಿ. ಹಿಂತಿರುಗಲು ಪ್ಯಾರಿಸ್‌ನ ಸಾಂ ಲಝಾರ್ ನಿಲ್ದಾಣದಿಂದ ರೂಆಂ ಮೂಲಕ ಡಿಯೆಪ್‌ಗೆ ರೈಲಿದೆ. ಆದರೆ ಒಂದೊಂದು ರೈಲಿನಲ್ಲಿ ಸೈಕಲ್‌ಗೆ ಜಾಗ ಕಡಿಮೆ, ಎಂಟೂ ಜನ ಒಂದೇ ಗಾಡಿಗೆ ನುಗ್ಗದೆ ಎರಡು ತಂಡವಾಗಿ ಹೊರಡಿ.