ಮೊದಲ ಮಹಿಳಾ ರಾಯಭಾರಿ ಯಾರು?

ಪ್ರಶ್ನೆ: ವಿಜಯಲಕ್ಷ್ಮಿ ಪಂಡಿತರು 1947ರಲ್ಲೇ ಮಾಸ್ಕೋದಲ್ಲಿ ಭಾರತದ ರಾಯಭಾರಿಯಾಗಿದ್ದರು. ಹಾಗಿರುವಾಗ ಕೊಡಗಿನ ಸಿ.ಬಿ. ಮುತ್ತಮ್ಮನವರನ್ನು ದೇಶದ ಮೊದಲ ಮಹಿಳಾ ರಾಯಭಾರಿ ಎಂದು ಕರೆಯುವುದು ಸರಿಯೇ?
– ಓದುಗರೊಬ್ಬರು, ಹಾಸನ

ಉತ್ತರ: ವಿದೇಶಾಂಗ ಸೇವೆಯೊಳಗಿನಿಂದ ಬಂದು ರಾಯಭಾರಿಯಾದ ಮೊದಲ ಮಹಿಳೆ ಎಂದರೆ ಸರಿ, ಆ ವಿಶೇಷಣವಿಲ್ಲದಿದ್ದರೆ ತಪ್ಪು. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಮೊದಲ ಅಧ್ಯಕ್ಷೆಯೂ ಆದ ಪಂಡಿತರನ್ನು ಸರ್ಕಾರ ಸಾರ್ವಜನಿಕ ಜೀವನದಿಂದ ನೇರವಾಗಿ ಆರಿಸಿ ಕಳುಹಿಸಿತ್ತು. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದ ಮುತ್ತಮ್ಮನವರಾದರೋ 1948ರಲ್ಲಿ ಪರೀಕ್ಷೆ ಬರೆದು, ಈ ಕೆಲಸ ಹೆಂಗಸರಿಗೆ ತಕ್ಕುದಲ್ಲವೆಂದು ಸಂದರ್ಶನ ಮಂಡಳಿಯೇ ಹಿಂದೇಟು ಹಾಕಿಸಲು ನೋಡಿದರೂ ಜಗ್ಗದೆ, ಮರುವರ್ಷ ಭಾರತೀಯ ವಿದೇಶಾಂಗ ಸೇವೆ (ಐಎಫ್‌ಎಸ್‌) ಸೇರಿದ ಮೊದಲ ಮಹಿಳೆ. ಹಂಗೇರಿಗೆ ರಾಯಭಾರಿಯಾಗಿ ಅವರು ಹೋದದ್ದು 1970ರಲ್ಲಿ.

ಪ್ರಧಾನಿಯ ಸಹೋದರಿಯೂ ಸ್ವಾತಂತ್ರ್ಯ ಹೋರಾಟಗಾರ್ತಿಯೂ ಆಗಿದ್ದವರನ್ನು ಗೌರವದಿಂದ ಮಾಸ್ಕೋಗೆ ಕಳುಹಿಸಿದ ಸರ್ಕಾರವೇ, ಪರೀಕ್ಷೆ ಗೆದ್ದು ಬಂದ ಹೆಣ್ಣುಮಗಳಿಂದ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂಬ ಮುಚ್ಚಳಿಕೆ ಬರೆಸಿಕೊಂಡಿತ್ತು. 1961ರ ನಿಯಮಾವಳಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆಯಿಂದ ಕೆಲಸ ಕೆಡುತ್ತದೆಂದು ಸರ್ಕಾರಕ್ಕೆ ಅನಿಸಿದರೆ ಮದುವೆಯ ನಂತರ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಗಂಡಸರಿಗೆ ಇಂಥ ಷರತ್ತೇ ಇರಲಿಲ್ಲ. ಅವರ ಸಂಸಾರವನ್ನು ಬೇರೆಯವರು ನೋಡಿಕೊಳ್ಳುತ್ತಾರೆಂಬುದು ಬಹುಶಃ ಸರ್ಕಾರಕ್ಕೂ ಗೊತ್ತಿತ್ತು! ಹೀಗಾಗಿ ‘ಮೊದಲ’ ಎಂಬ ಮಾತಿಗೆ ನನ್ನ ಮಟ್ಟಿಗೆ ಮುತ್ತಮ್ಮನವರ ವಿಷಯದಲ್ಲಿಯೇ ಹೆಚ್ಚು ತೂಕ.

ಬಡ್ತಿ ತಪ್ಪಿದಾಗ ಅವರು ಸೇವೆಯಲ್ಲಿದ್ದುಕೊಂಡೇ ಸರ್ಕಾರದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ವಿಚಾರಣೆ ಮುಗಿಯುವುದರೊಳಗೆ ಬಡ್ತಿ ದೊರೆಯಿತು. ಮಹಿಳೆಯರಿಗಷ್ಟೇ ಅನ್ವಯಿಸುತ್ತಿದ್ದ ಇಂಥ ನಿಯಮಗಳಲ್ಲಿ ಒಂದನ್ನು ತೆಗೆದಿರುವುದಾಗಿಯೂ ಇನ್ನೊಂದನ್ನು ತೆಗೆಯುತ್ತಿರುವುದಾಗಿಯೂ ಸರ್ಕಾರ ತಿಳಿಸಿತು. 1979ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಸಂಸಾರದ ಹೊಣೆ ಮಹಿಳಾ ಅಧಿಕಾರಿಗೆ ಅಡ್ಡಿಯಾಗುವುದಾದರೆ ಪುರುಷ ಅಧಿಕಾರಿಗೂ ಆಗಬಹುದಲ್ಲವೇ ಎಂದು ಕೇಳಿ, ಮುತ್ತಮ್ಮನವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ ಸರ್ಕಾರಕ್ಕೆ ಸೂಚಿಸಿದರು. ಅರ್ಜಿಯನ್ನು ವಜಾ ಮಾಡುತ್ತಿದ್ದೇವೆ, ಸಮಸ್ಯೆಯನ್ನಲ್ಲ ಎಂದೂ ಸೇರಿಸಿದರು. ಮುತ್ತಮ್ಮನವರು ಘಾನಾ, ನೆದರ್‌ಲೆಂಡ್ಸ್‌ಗಳಲ್ಲಿಯೂ ರಾಯಭಾರಿಯಾಗಿದ್ದು 1982ರಲ್ಲಿ ನಿವೃತ್ತರಾದರು. ವಿದೇಶಾಂಗ ಕಾರ್ಯದರ್ಶಿಯ ಹುದ್ದೆ ಮಾತ್ರ ಮಹಿಳೆಯೊಬ್ಬರಿಗೆ, ಚೋಕಿಲಾ ಅಯ್ಯರ್ ಅವರಿಗೆ, ದೊರೆತದ್ದು 2001ರಲ್ಲಿ.