ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಿಗೆ ಸಾಲವೋ, ಕೈಯ ದುಡ್ಡೋ?

ಕಾರು ಕೊಳ್ಳುವ ವಿಚಾರವಾಗಿ ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಲೆಕ್ಕಗಳನ್ನು ಹೋಲಿಸಲು ಸುಲಭವಾಗಲೆಂದು ಎಲ್ಲ ಕಡೆಯೂ ಸಾಲದ ಮೊತ್ತ 6 ಲಕ್ಷ, ಬಡ್ಡಿ ಶೇ. 9 ಎಂದೇ ಹಿಡಿದಿದ್ದೇವೆ. ನಿಮ್ಮ ಬ್ಯಾಂಕಿನ ದರ ಬೇರೆ ಇರಬಹುದು, ಲೆಕ್ಕದ ದಾರಿ ಒಂದೇ.

ನಮ್ಮಲ್ಲಿ 6 ಲಕ್ಷ ರೂಪಾಯಿಯ ಎಫ್‌ಡಿ ಇದೆ, ಬಡ್ಡಿ ಶೇ. 7. ಅದನ್ನು ಮುರಿದು ಕಾರು ಕೊಳ್ಳೋಣವೆಂದರೆ ಶೋರೂಮಿನವರು ಬೇಡ ಅನ್ನುತ್ತಾರೆ. ಐದು ವರ್ಷದ ಸಾಲಕ್ಕೆ ಬಡ್ಡಿ 1.47 ಲಕ್ಷ, ಅಷ್ಟೇ ಅವಧಿಗೆ ಎಫ್‌ಡಿಯಲ್ಲಿ ಬರುವುದು 2.49 ಲಕ್ಷ, ಹಾಗಾಗಿ ಸಾಲ ಮಾಡಿದರೇ ಒಂದು ಲಕ್ಷ ಲಾಭವಂತೆ. ಇದು ನಿಜವೇ?
— ಬದಿಯಡ್ಕದ ಓದುಗರು

ಎರಡು ಅಂಕಿಗಳೂ ಸರಿ, ತೀರ್ಮಾನ ತಪ್ಪು. ಈ ಲೆಕ್ಕ ಶೋರೂಮುಗಳಲ್ಲಿ ಎಷ್ಟು ಬಳಕೆಯಲ್ಲಿದೆ ಎಂದರೆ, ಹೇಳುವ ಹುಡುಗರೂ ಅದನ್ನು ನಂಬಿಯೇ ಹೇಳುತ್ತಾರೆ.

ತಿಂಗಳ ಕಂತು 12,455 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೆ ಹೋಗುವುದು 4,500, ಉಳಿದ 7,955 ಅಸಲಿಗೆ. ಹೀಗೆ ಅಸಲು ತಿಂಗಳು ತಿಂಗಳು ಕರಗುತ್ತದೆ. ಮೂವತ್ತನೇ ಕಂತು ಕಟ್ಟಿದಾಗ ಬಾಕಿ ಇರುವುದು 3.33 ಲಕ್ಷ. ಐದು ವರ್ಷದ ಸರಾಸರಿ ತೆಗೆದರೆ ನೀವು ಬ್ಯಾಂಕಿನ ದುಡ್ಡು ಬಳಸಿದ್ದು 3.27 ಲಕ್ಷ ಮಾತ್ರ. ಎಫ್‌ಡಿಯಲ್ಲಾದರೋ ಪೂರ್ತಿ 6 ಲಕ್ಷ ಐದು ವರ್ಷವೂ ಕೂತಿರುತ್ತದೆ. ಮೂರೂಕಾಲು ಲಕ್ಷದ ಬಡ್ಡಿಯನ್ನು ಆರು ಲಕ್ಷದ ಬಡ್ಡಿಯ ಪಕ್ಕ ಇಟ್ಟರೆ ಎರಡನೆಯದು ದೊಡ್ಡದಾಗಿ ಕಾಣದೆ ಇನ್ನೇನು?

ಕಂತಿನ ದುಡ್ಡು ನಿಮ್ಮ ಸಂಬಳದಿಂದಲೋ ಪೆನ್ಶನ್ನಿನಿಂದಲೋ ಹೋಗುತ್ತದೆ. ಅದೂ ದುಡ್ಡೇ ತಾನೆ. ಹಾಗಾಗಿ ಸರಿಯಾದ ಹೋಲಿಕೆ ಹೀಗೆ. ಎಫ್‌ಡಿ ಮುರಿದು ಕಾರು ತೆಗೆದುಕೊಂಡು, ಬ್ಯಾಂಕಿಗೆ ಕಟ್ಟಬೇಕಿದ್ದ 12,455 ರೂಪಾಯಿಯನ್ನೇ ಪ್ರತಿ ತಿಂಗಳು ಶೇ. 7ರ ಆರ್‌ಡಿಗೆ ಹಾಕಿ. ಐದು ವರ್ಷ ಕಳೆದಾಗ ಸುಮಾರು 8.90 ಲಕ್ಷ ಆಗಿರುತ್ತದೆ. ಸಾಲ ಮಾಡಿ ಎಫ್‌ಡಿ ಉಳಿಸಿಕೊಂಡಿದ್ದರೆ ಕೈಯಲ್ಲಿರುವುದು 8.49 ಲಕ್ಷ. ಅಂದರೆ ನಗದು ಕೊಟ್ಟವರು 40 ಸಾವಿರಕ್ಕೂ ಮಿಕ್ಕಿ ಮುಂದಿರುತ್ತಾರೆ. ಎಫ್‌ಡಿ ಬಡ್ಡಿಗೆ ಆದಾಯ ತೆರಿಗೆ ಕಟ್ಟುವವರಾದರೆ ಅಂತರ ಇನ್ನೂ ಹೆಚ್ಚು. ಶೇ. 20ರ ಹಂತದಲ್ಲಿರುವವರಿಗೆ ಶೇ. 7 ಎಂಬುದು ಕೈಗೆ ಬರುವಾಗ ಐದೂವರೆ ಚಿಲ್ಲರೆ. ಸಾಲದ ಪ್ರೊಸೆಸಿಂಗ್ ಶುಲ್ಕವನ್ನು ಇಲ್ಲಿ ಸೇರಿಸಿಲ್ಲ.

ಹಾಗೆಂದು ಕಣ್ಣು ಮುಚ್ಚಿ ಎಫ್‌ಡಿ ಮುರಿಯಬೇಡಿ. ಮುರಿದ ಮೇಲೂ ಆರು ತಿಂಗಳ ಮನೆಖರ್ಚು, ಜೊತೆಗೆ ಒಂದು ಆಸ್ಪತ್ರೆ ಖರ್ಚಿಗಾಗುವಷ್ಟು ಉಳಿಯುವುದಾದರೆ ಮಾತ್ರ ಪೂರ್ತಿ ನಗದು ಕೊಡಿ. ಕಾರು ಕೊಂಡ ಎರಡೇ ತಿಂಗಳಿಗೆ ದುಡ್ಡಿನ ಅಡಚಣೆಯಾಗಿ ಪರ್ಸನಲ್ ಲೋನಿಗೆ ಓಡಿದರೆ, ಅದರ ಬಡ್ಡಿ ಕಾರು ಸಾಲಕ್ಕಿಂತ ಎಷ್ಟೋ ಮೇಲೆ.

ನಡುವಿನ ದಾರಿಯೊಂದಿದೆ, ಶೋರೂಮಿನಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ: ಎಫ್‌ಡಿಯ ಮೇಲೆಯೇ ಸಾಲ. ಠೇವಣಿಯ ಶೇ. 90ರವರೆಗೆ ಕೊಡುವ ಬ್ಯಾಂಕುಗಳಿವೆ, ಬಡ್ಡಿ ಸಾಮಾನ್ಯವಾಗಿ ಎಫ್‌ಡಿ ದರಕ್ಕಿಂತ ಒಂದು ಶೇಕಡಾ ಹೆಚ್ಚು. ಶೇ. 7ರ ಎಫ್‌ಡಿಗೆ ಸಾಲ ಶೇ. 8ರ ಆಸುಪಾಸು. ಕಾರಿನ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಬರುವುದಿಲ್ಲ, ಕೈಯಲ್ಲಿ ದುಡ್ಡಾದಾಗ ಕಟ್ಟಿ ಮುಗಿಸಬಹುದು. ಎಫ್‌ಡಿಯ ಅವಧಿ ಮುಗಿಯಲು ಆರೇಳು ತಿಂಗಳಷ್ಟೇ ಇದ್ದರೆ, ಅವಧಿಗೆ ಮೊದಲೇ ಮುರಿದು ದಂಡ ತೆರುವುದಕ್ಕಿಂತ ಇದೇ ಮೇಲು.

ಒಂದು ಫೈನಾನ್ಸ್ ಕಂಪನಿ ಶೇ. 7ಕ್ಕೆ ಸಾಲ ಕೊಡುತ್ತದಂತೆ, ಬ್ಯಾಂಕಿನಲ್ಲಿ ಶೇ. 9. ಯಾಕೆ ಇಷ್ಟು ವ್ಯತ್ಯಾಸ?
— ಉಪ್ಪಳದ ಓದುಗರು

ಆ ಏಳು ಫ್ಲಾಟ್ ದರ. ನೀವು ಎಷ್ಟು ಅಸಲು ತೀರಿಸಿದರೂ ಕೊನೆಯ ತಿಂಗಳವರೆಗೂ ಪೂರ್ತಿ 6 ಲಕ್ಷಕ್ಕೇ ಬಡ್ಡಿ. ವರ್ಷಕ್ಕೆ 42,000ದಂತೆ ಐದು ವರ್ಷಕ್ಕೆ 2.10 ಲಕ್ಷ, ಕಂತು 13,500. ಬ್ಯಾಂಕಿನ ಶೇ. 9ಕ್ಕೆ ಬಡ್ಡಿ 1.47 ಲಕ್ಷ. ಬ್ಯಾಂಕಿನ ರೀತಿಯಲ್ಲಿ ಲೆಕ್ಕ ಹಾಕಿದರೆ ನಿಮಗೆ ಹೇಳಿದ ಏಳು ನಿಜಕ್ಕೂ ಹನ್ನೆರಡೂವರೆ. ಸಹಿ ಹಾಕುವ ಮೊದಲು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರಿನಿಂದ ಬ್ಯಾಂಕೂ ಫೈನಾನ್ಸ್ ಕಂಪನಿಯೂ ಇದನ್ನು ಕೊಡಲೇಬೇಕು. ಶುಲ್ಕಗಳೂ ಸೇರಿದ ವಾರ್ಷಿಕ ದರ, ಎಪಿಆರ್, ಅದರಲ್ಲಿರುತ್ತದೆ. ಆ ಒಂದು ಅಂಕಿ ನೋಡಿದರೆ ಸಾಕು.

ಇಡಿಗಂಟು ನಗದು ಕೊಟ್ಟರೆ ಹೆಚ್ಚು ಬಿಡುತ್ತಾರಾ?
— ಮಂಜೇಶ್ವರದ ಓದುಗರು

ಈಗ ಹಾಗಿಲ್ಲ. ಸಾಲ ಮಾಡಿಸಿಕೊಟ್ಟರೆ ಡೀಲರಿಗೆ ಕಮಿಷನ್ ಇರುತ್ತದೆ, ಅವರಿಗೆ ಸಾಲದ ಗಿರಾಕಿಯೇ ಇಷ್ಟ. ಆದ್ದರಿಂದ ಮೊದಲು ಕಾರಿನ ಬೆಲೆ, ರಿಯಾಯಿತಿ, ವಿಮೆ, ಆಕ್ಸೆಸರಿಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಸಿಕೊಳ್ಳಿ, ದುಡ್ಡು ಹೇಗೆ ಕೊಡುತ್ತೀರೆಂದು ಆಮೇಲೆ ಹೇಳಿ. ‘ಕಡಿಮೆ ಬಡ್ಡಿ ಯೋಜನೆ’ ಎಂದಾಗ, ಅದನ್ನು ಬಿಟ್ಟರೆ ಎಷ್ಟು ರಿಯಾಯಿತಿ ಸಿಗುತ್ತದೆಂದು ಕೇಳಿ. ಹೆಚ್ಚಿನ ಸಲ ಎರಡರಲ್ಲಿ ಒಂದೇ.

ನಗದು ಎಂದರೆ ನೋಟಿನ ಕಟ್ಟಲ್ಲ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನೋಟಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಡಿಡಿ ಅಥವಾ ಆರ್‌ಟಿಜಿಎಸ್ ಮಾಡಿ. ಕಾರಿನ ಬೆಲೆ 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್ (ಮಾರುವವರೇ ವಸೂಲು ಮಾಡಿ ಸರಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ಮರಳಿ ಪಡೆಯಬಹುದು.

ಅಡಿಕೆ ತೋಟವೇ ಆದಾಯ. ಚಾಲಿ (ಒಣಗಿಸಿ ಸುಲಿದ ಅಡಿಕೆ) ದಾಸ್ತಾನಿದೆ. ಈಗಲೇ ಮಾರಿ ಕಾರು ಕೊಳ್ಳುವುದೋ, ಧಾರಣೆ ಏರಲೆಂದು ಇಟ್ಟು ಏಳು ವರ್ಷದ ಸಾಲ ಮಾಡುವುದೋ?
— ಪೆರ್ಲದ ಓದುಗರು

ಸಾಲ ಮಾಡಿ ಅಡಿಕೆ ಇಟ್ಟುಕೊಳ್ಳುವುದೆಂದರೆ ಶೇ. 9ರ ಬಡ್ಡಿಗೆ ದುಡ್ಡು ತಂದು ಅಡಿಕೆ ಮೇಲೆ ಹಾಕಿದ ಹಾಗೆ. ಒಂದು ವರ್ಷ ಇಡುವುದಾದರೆ ಧಾರಣೆ ಶೇ. 9ರಷ್ಟು ಏರಿದರೂ ನಿಮಗೆ ಸಿಗುವುದು ಸೊನ್ನೆ. ತೂಕದಲ್ಲಿ ಇಳಿಯುವುದು, ಹುಳ ಹಿಡಿಯುವುದು, ಮಳೆಗಾಲದ ತೇವ ಇವೆಲ್ಲ ಮೇಲಿಂದ. ಹೊಸ ಚಾಲಿ ಹಳೆಯದಾದಾಗ ಸಾಮಾನ್ಯವಾಗಿ ಸಿಗುವ ಹೆಚ್ಚಿನ ದರ ಇಷ್ಟನ್ನೂ ತುಂಬಿ ಮಿಗುತ್ತದೆಂಬ ಭರವಸೆ ಇದ್ದರೆ ಮಾತ್ರ ಇಡಿ. ನಮ್ಮ ಮತ ಕೇಳಿದರೆ, ಅರ್ಧ ಮಾರಿ ಮುಂಗಡ ಕೊಡಿ, ಉಳಿದದ್ದಕ್ಕೆ ಮೂರು ವರ್ಷದ ಸಾಲ ಮಾಡಿ.

ಏಳು ವರ್ಷ ಬೇಡವೆನ್ನಲು ಕಾರಣವಿದೆ. 6 ಲಕ್ಷಕ್ಕೆ ಕಂತು 9,653 ಎಂದಾಗ ಹಗುರ ಅನಿಸುತ್ತದೆ, ಆದರೆ ಒಟ್ಟು ಬಡ್ಡಿ 2.11 ಲಕ್ಷ. ಮೂರು ವರ್ಷಕ್ಕಾದರೆ ಕಂತು 19,080, ಬಡ್ಡಿ 87 ಸಾವಿರದೊಳಗೆ. ಇನ್ನೂ ಒಂದು ಅಪಾಯ: ಏಳು ವರ್ಷದ ಸಾಲದಲ್ಲಿ ಎರಡು ವರ್ಷ ಕಟ್ಟಿದ ಮೇಲೂ 4.65 ಲಕ್ಷ ಬಾಕಿ. ವಿಮೆಯಲ್ಲಿ ಕಾರಿನ ಮೌಲ್ಯ ಎರಡು ವರ್ಷ ದಾಟಿದಾಗ ಸಾಮಾನ್ಯವಾಗಿ ಶೇ. 30 ಇಳಿದಿರುತ್ತದೆ. ಆರೂವರೆ ಲಕ್ಷದ ಶೋರೂಮ್ ಬೆಲೆಯ ಕಾರಾದರೆ ಉಳಿದದ್ದು 4.55 ಲಕ್ಷ. ಆಗ ಅಪಘಾತದಲ್ಲಿ ಕಾರು ಪೂರ್ತಿ ಹೋದರೆ ವಿಮೆ ದುಡ್ಡು ಮೊದಲು ಬ್ಯಾಂಕಿಗೆ. ಕಾರೂ ಇಲ್ಲ, ಮೇಲೆ ಹತ್ತು ಸಾವಿರ ಕೈಯಿಂದ.

ಸಾಲ ಫ್ಲೋಟಿಂಗ್ ದರದ್ದೇ, ಅಂದರೆ ಅವಧಿಯ ನಡುವೆ ಬಡ್ಡಿ ಏರಿಳಿಯುವಂಥದ್ದೇ, ಎಂದು ನೋಡಿಕೊಳ್ಳಿ. ಸ್ವಂತ ಬಳಕೆಗೆ ತೆಗೆದ ಫ್ಲೋಟಿಂಗ್ ಸಾಲವನ್ನು ಬೇಗ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಫಿಕ್ಸೆಡ್ ದರದ್ದಕ್ಕೆ ಹಾಕಬಹುದು. ಅಡಿಕೆ ಮಾರಿದಾಗಲೆಲ್ಲ ಒಂದಿಷ್ಟು ಅಸಲಿಗೆ ಕಟ್ಟುವವರಿಗೆ ಇದೇ ಮುಖ್ಯ. ಕೃಷಿಕರಿಗೆ ಆರು ತಿಂಗಳ ಕಂತು ಕೊಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ.

ಸಂಬಳದವರಿಗೆ ಕಾರು ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯೇ?
— ಮುಳ್ಳೇರಿಯದ ಓದುಗರು

ಇಲ್ಲ. ವ್ಯಾಪಾರಕ್ಕೋ ವೃತ್ತಿಗೋ ಬಳಸುವ ಕಾರಿಗೆ ಮಾತ್ರ. ವಿದ್ಯುತ್ ಕಾರಿನ ಸಾಲಕ್ಕಿದ್ದ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದವಕ್ಕಷ್ಟೇ.

ಮಂಗಳೂರಿನಲ್ಲಿ ಕೊಂಡು ಅಲ್ಲಿನ ನೆಂಟರ ವಿಳಾಸದಲ್ಲಿ ಕೆಎ-19 ನೋಂದಣಿ ಮಾಡಿಸಬಹುದೇ? ಸಾಲವೂ ಅಲ್ಲೇ ಸಿಗುತ್ತದೆ.
— ಕುಂಬಳೆಯ ಓದುಗರು

ಬೇಡ. ಕಾರು ಇರುವುದು ಕುಂಬಳೆಯಲ್ಲಾದರೆ ನೋಂದಣಿ ಕೇರಳದಲ್ಲೇ, ಸಾಮಾನ್ಯವಾಗಿ ಕಾಸರಗೋಡಿನ ಕೆಎಲ್-14, ತೆರಿಗೆಯೂ ಕೇರಳಕ್ಕೆ. ಬೇರೆ ರಾಜ್ಯದ ನೋಂದಣಿಯ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಮರುನೋಂದಣಿ ಮಾಡಿಸಲೇಬೇಕು, ಇಲ್ಲಿನ ತೆರಿಗೆಯೂ ಬೀಳುತ್ತದೆ. ಮಂಗಳೂರಿನಲ್ಲಿ ಕೊಳ್ಳಲು ಅಡ್ಡಿಯಿಲ್ಲ. ಬಿಲ್ಲು ನಿಮ್ಮ ಆಧಾರ್ ವಿಳಾಸಕ್ಕೇ ಇರಲಿ, ತಾತ್ಕಾಲಿಕ ನೋಂದಣಿ ಪಡೆದು ಇಲ್ಲಿಗೆ ತಂದು ಖಾಯಂ ಮಾಡಿಸಿ. ಸಾಲದ ಪತ್ರ, ಬಿಲ್ಲು, ವಿಮೆ ಮೂರರಲ್ಲೂ ಹೆಸರು, ವಿಳಾಸ ಒಂದೇ ರೀತಿ ಇರಬೇಕು. ಮಲಯಾಳದ ದಾಖಲೆಯಿಂದ ಇಂಗ್ಲಿಷಿಗೆ ಬರುವಾಗ ಮನೆ ಹೆಸರಿನ ಕಾಗುಣಿತ ಬದಲಾಗಿ ಅರ್ಜಿ ಮರಳಿ ಬರುವುದುಂಟು. ಬ್ಯಾಂಕು ಆನ್‌ರೋಡ್ ಬೆಲೆಗೆ ಸಾಲ ಕೊಡುತ್ತದೋ ಶೋರೂಮ್ ಬೆಲೆಗೋ ಎಂದು ಮೊದಲೇ ಕೇಳಿ. ಶೋರೂಮ್ ಬೆಲೆಗಾದರೆ ಕೇರಳದ ತೆರಿಗೆ ಪೂರ್ತಿ ಕೈಯಿಂದಲೇ.

ಸಾಲ ತೀರಿ ವರ್ಷವಾಯಿತು, ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರಿದೆ.
— ನೀರ್ಚಾಲಿನ ಓದುಗರು

ತಾನಾಗಿ ಹೋಗುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ, ಅದರೊಂದಿಗೆ ಬ್ಯಾಂಕು ಸಹಿ ಮಾಡಿದ ಫಾರ್ಮ್ 35 ಪಡೆಯಿರಿ. ಪರಿವಾಹನ್ ಜಾಲತಾಣದಲ್ಲಿ ಹೈಪೊಥಿಕೇಶನ್ (ಕಾರಿನ ಮೇಲೆ ಬ್ಯಾಂಕಿಗಿರುವ ಅಡವಿನ ಹಕ್ಕು) ರದ್ದತಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಿ. ಎನ್‌ಒಸಿಗೆ ಅವಧಿಯಿದೆ, ನಿಮ್ಮದು ಹಳೆಯದಾಗಿದ್ದರೆ ಹೊಸದು ಬರೆಸಿಕೊಳ್ಳಬೇಕು. ಹೊಸ ಆರ್‌ಸಿ ಬಂದ ಮೇಲೆ ಅದರ ಪ್ರತಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸಿ. ಇದನ್ನು ಬಿಟ್ಟರೆ, ಸಾಲ ತೀರಿದ್ದರೂ ದೊಡ್ಡ ಕ್ಲೇಮಿನ ಸಮಯದಲ್ಲಿ ಬ್ಯಾಂಕಿನ ಪತ್ರ ತನ್ನಿ ಎಂದು ಓಡಾಡಿಸುತ್ತಾರೆ.