ಯುಜೆ ಕ್ರಾಸ್ ಲೇಖನ: ಈಗಿರುವ ಹಾಗೆ ಹಾಕಲ್ಲ, ತಿದ್ದಿ ಕಳಿಸಿ

ನಮಸ್ಕಾರ,

ಓರೆಯಾಗಿ ಸೇರುವ ಎರಡು ಶಾಫ್ಟ್‌ಗಳ ನಡುವಿನ ಕೀಲು, ಅಂದರೆ ಗ್ಯಾರೇಜಿನಲ್ಲಿ ಯುಜೆ ಕ್ರಾಸ್ ಅನ್ನುವುದರ ಮೇಲೆ ನೀವು ಬರೆದ 'ಯೂನಿವರ್ಸಲ್ ಜಾಯಿಂಟ್: ತಂತ್ರಜ್ಞಾನದ ಅದ್ಭುತ' ಓದಿದೆ. ಈಗಿರುವ ರೂಪದಲ್ಲಿ ಹಾಕುವುದಕ್ಕೆ ಆಗಲ್ಲ. ಆದರೆ ಒಂದು ಸಾಲು ಬರೆದು ವಾಪಸ್ ಕಳಿಸಿಬಿಡುವ ಲೇಖನವೂ ಅಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ದೊಡ್ಡ ತಕರಾರು. ಲೇಖನವನ್ನು ಎರಡು ತುಂಡು ಮಾಡಿದ್ದೀರಿ. ಮೊದಲು ಜಾಯಿಂಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿವರಣೆ. ಆಮೇಲೆ 'ನಿರ್ವಹಣಾ ಸಲಹೆಗಳು' ಅಂತ ಒಂದು ಪಟ್ಟಿ. ಈ ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ. 'ಶಾಫ್ಟ್ ಬಿಚ್ಚುವ ಮೊದಲು ಗುರುತು ಹಾಕಿ' ಅಂತೀರಿ. ಯಾಕೆ ಹಾಕಬೇಕು? ಕಾರಣ ಗೊತ್ತಿಲ್ಲದವನು ಆ ಸಾಲನ್ನು ದಾಟಿ ಹೋಗುತ್ತಾನೆ. ಕಾರಣ ನಿಮ್ಮ ಮೊದಲ ತುಂಡಿನಲ್ಲಿ ಇರಬೇಕಿತ್ತು, ಆದರೆ ಅಲ್ಲಿ ಬರೆದಿರುವುದೇ ತಪ್ಪು.

ಆ ಸಾಲು ಇದು: 'ಈ ಜಾಯಿಂಟ್ ಎಷ್ಟೇ ಕೋನದಲ್ಲಿದ್ದರೂ ತಿರುಗುವ ವೇಗವನ್ನು ಬದಲಿಸದೆ ಮುಂದಕ್ಕೆ ದಾಟಿಸುತ್ತದೆ.' ಇಲ್ಲ, ದಾಟಿಸಲ್ಲ. ಒಂದೇ ಕ್ರಾಸ್ ಇದ್ದು, ಎರಡು ಶಾಫ್ಟ್‌ಗಳ ನಡುವೆ ಓರೆ ಇದ್ದರೆ, ಎಂಜಿನ್ ಕಡೆಯದು ಒಂದೇ ಸಮ ತಿರುಗಿದರೂ ಆಚೆ ಕಡೆಯದು ಪ್ರತಿ ಸುತ್ತಿನಲ್ಲೂ ಎರಡು ಸಲ ಜೋರಾಗಿ ಎರಡು ಸಲ ನಿಧಾನವಾಗಿ ತಿರುಗುತ್ತದೆ. ಲೆಕ್ಕ ಸುಲಭ. ಕೋನದ ಕೊಸೈನ್‌ನಿಂದ ಗುಣಿಸಿದರೆ ಕಡಿಮೆ ವೇಗ, ಭಾಗಿಸಿದರೆ ಜಾಸ್ತಿ ವೇಗ. ನಿಮಿಷಕ್ಕೆ 1000 ಸುತ್ತು, ಅಂದರೆ 1000 ಆರ್‌ಪಿಎಂನಲ್ಲಿ 30 ಡಿಗ್ರಿ ಓರೆ ಇದ್ದರೆ 866ರಿಂದ 1155ರವರೆಗೆ ಹೊಯ್ದಾಡುತ್ತದೆ. 10 ಡಿಗ್ರಿಗೆ 985ರಿಂದ 1015. 5 ಡಿಗ್ರಿಗೆ 996ರಿಂದ 1004. ಇಷ್ಟು ಹಾಕಿ ನೋಡಿ, ಶಾಫ್ಟ್‌ನ ಓರೆಯನ್ನು ಯಾಕೆ ಕಡಿಮೆ ಇಡುತ್ತಾರೆ ಅಂತ ಓದುಗರಿಗೆ ನೀವು ಹೇಳಬೇಕಾಗಿಯೇ ಇಲ್ಲ.

ಹಾಗಾದರೆ ಲಾರಿ ಕುಲುಕದೆ ಹೇಗೆ ಓಡುತ್ತದೆ? ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ತುದಿಗೆ ಒಂದೊಂದು ಕ್ರಾಸ್ ಇದೆಯಲ್ಲ, ಮುಂದಿನದು ಮಾಡಿದ ಏರುಪೇರನ್ನು ಹಿಂದಿನದು ಕಳೆಯುತ್ತದೆ. ಇದಕ್ಕೆ ಎರಡೂ ಕಡೆ ಓರೆ ಸಮ ಇರಬೇಕು, ಮತ್ತೆ ಶಾಫ್ಟ್‌ನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿದಿರುವ ಕವಲುಗಳು, ಅಂದರೆ ಯೋಕ್‌ಗಳು ಒಂದೇ ನೇರಕ್ಕೆ ಕೂತಿರಬೇಕು. ಈಗ ಸ್ಲಿಪ್ ಜಾಯಿಂಟ್‌ಗೆ ಬನ್ನಿ. ಹಿಂದಿನ ಆಕ್ಸಲ್ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಉದ್ದ ಗಿಡ್ಡ ಆಗಲಿ ಅಂತ ಹಲ್ಲು ಕೊಟ್ಟು ಇಟ್ಟಿರುವ ಭಾಗ ಅದು. ಅದನ್ನು ಎಳೆದು ತೆಗೆದು, ವಾಪಸ್ ಹಾಕುವಾಗ ಒಂದೆರಡು ಹಲ್ಲು ಆಚೀಚೆ ಮಾಡಿದರೆ ಯೋಕ್‌ಗಳ ನೇರ ತಪ್ಪುತ್ತದೆ, ಏರುಪೇರು ಪೂರ್ತಿ ಕಳೆಯುವುದಿಲ್ಲ, ಹೊಸ ಕ್ರಾಸ್ ಹಾಕಿಸಿದ ಮೇಲೂ ಗಾಡಿ ನಡುಗುತ್ತದೆ, ಮಾಲೀಕ ನೇರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ಡೂಪ್ಲಿಕೇಟ್ ಮಾಲು ಕೊಟ್ಟೆ ಅಂತ ಜಗಳ ತೆಗೆಯುತ್ತಾನೆ. ನಿಮ್ಮ 'ಗುರುತು ಹಾಕಿ' ಬರಬೇಕಾದ್ದು ಇಲ್ಲಿ. ಪಟ್ಟಿಯಲ್ಲಲ್ಲ.

ಇತಿಹಾಸದ ಭಾಗ ಕತ್ತರಿಸಿ. ಚಕ್ರ ಹುಟ್ಟಿದ ಕಾಲದಿಂದ ಶುರು ಮಾಡಿದ್ದೀರಿ, ಒಂದು ಪುಟ ಅಲ್ಲೇ ಹೋಯಿತು! ಇಟಲಿಯ ವಿದ್ವಾಂಸ ಕಾರ್ಡಾನೊ 'ವಾಹನಗಳಿಗಾಗಿ' ಇದನ್ನು ಕಂಡುಹಿಡಿದ ಅಂತಲೂ ಇದೆ. ಆತ ತೀರಿಕೊಂಡಿದ್ದು 1576ರಲ್ಲಿ, ಮಾರಾಯ್ರೆ. ನಿಮಗೆ ನಿಜಕ್ಕೂ ಬೇಕಾದವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ಈ ಜಾಯಿಂಟ್‌ನಲ್ಲಿ ವೇಗ ಒಂದೇ ಸಮ ಬರುವುದಿಲ್ಲ ಅಂತ ಅವನಿಗೆ 1676ರ ಹೊತ್ತಿಗೇ ಗೊತ್ತಿತ್ತು. ಬಿಸಿಲು ಗಡಿಯಾರದ ಫಲಕದ ಮೇಲೆ ನೆರಳೂ ಒಂದೇ ಸಮ ಸರಿಯುವುದಿಲ್ಲ, ಅಲ್ವಾ? ಆ ನೆರಳನ್ನು ಹಿಂಬಾಲಿಸುವುದಕ್ಕೆ ಜಾಯಿಂಟ್‌ನ ಈ ದೋಷವನ್ನೇ ಬಳಸಬಹುದು ಅಂತ ಅವನು ತೋರಿಸಿದ. ನೀವು ತಪ್ಪು ಬರೆದ ಜಾಗಕ್ಕೆ ಇದಕ್ಕಿಂತ ಒಳ್ಳೆ ಕಥೆ ಸಿಗಲ್ಲ. ಅದಾದ ಮೇಲೆ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್, 1903ರ ಪೇಟೆಂಟ್, ಕಾರುಗಳಲ್ಲಿ ಚೈನ್ ಹೋಗಿ ಶಾಫ್ಟ್ ಬಂದದ್ದು. ನಾಲ್ಕು ಸಾಲು ಸಾಕು.

ಕ್ರಾಸನ್ನು ಮೊಣಕೈಗೆ ಹೋಲಿಸಿದ್ದೀರಿ. ಮೊಣಕೈ ಒಂದೇ ಕಡೆಗೆ ಮಡಚುತ್ತದೆ. ಇಲ್ಲಿರುವುದು ಒಂದಕ್ಕೊಂದು ಅಡ್ಡವಾಗಿ ಕೂತ ಎರಡು ಕೀಲು. ಹೋಲಿಕೆ ಬಿಡಿ, ವಸ್ತುವನ್ನೇ ತೋರಿಸಿ: ನಾಲ್ಕು ತೋಳಿನ ಉಕ್ಕಿನ ತುಂಡು, ಪ್ರತಿ ತೋಳಿಗೂ ಒಂದು ಕಪ್, ಕಪ್ಪಿನ ಒಳಗೆ ಗೋಡೆಗೆ ಒತ್ತಿಕೊಂಡು ಸಾಲಾಗಿ ನಿಂತ, ಸೂಜಿಯಂತೆ ತೆಳುವಾದ ನೀಡಲ್ ರೋಲರ್‌ಗಳು. ಎದುರುಬದುರಿನ ಎರಡು ತೋಳು ಒಂದು ಯೋಕ್‌ಗೆ, ಉಳಿದ ಎರಡು ಇನ್ನೊಂದಕ್ಕೆ.

ಈ ನೀಡಲ್‌ಗಳ ಹತ್ತಿರ ಸ್ವಲ್ಪ ನಿಲ್ಲಿ. ಗ್ರೀಸಿನ ವಿಷಯವೆಲ್ಲ ಇಲ್ಲೇ ಇದೆ. ಅವು ಚಕ್ರದ ಬೇರಿಂಗಿನ ಥರ ಪೂರ್ತಿ ಸುತ್ತುವುದಿಲ್ಲ. ಓರೆ ಎಷ್ಟಿದೆಯೋ ಅಷ್ಟೇ ಹಿಂದೆ ಮುಂದೆ ಉರುಳುತ್ತವೆ. ಅಂದರೆ ಗ್ರೀಸ್ ತಾನಾಗಿ ಎಲ್ಲ ಕಡೆ ಹರಡಲ್ಲ, ಹೊರಗಿಂದ ಒತ್ತಿ ತಳ್ಳಬೇಕು. ಅದಕ್ಕೇ ನಿಪ್ಪಲ್‌ಗೆ ಗನ್ ಇಟ್ಟು ನಾಲ್ಕೂ ಕಪ್ಪಿನ ಸೀಲ್ ಅಂಚಿನಿಂದ ಹಳೇ ಗ್ರೀಸ್ ಹೋಗಿ ಹೊಸದು ಕಾಣುವ ತನಕ ಒತ್ತುವುದು. ನೀವು 'ಎರಡು ಮೂರು ಪಂಪ್ ಹೊಡೆಯಿರಿ' ಅಂತ ಬರೆದಿದ್ದೀರಿ. ಎರಡು ಪಂಪಿಗೆ ಮೂರು ಕಡೆ ಬಂದು ಒಂದು ಕಡೆ ಬರದಿದ್ದರೆ? ಆ ಒಂದು ತೋಳೇ ಮುಂದೆ ಒಣಗಿ ಸವೆಯುವುದು. ಶಾಫ್ಟನ್ನು ಆ ಕಪ್ಪಿನಿಂದ ಆಚೆಗೆ ಸ್ವಲ್ಪ ತಳ್ಳಿ ಹಿಡಿದು ಮತ್ತೆ ಒತ್ತಬೇಕು. ಆಗಲೂ ಬರದಿದ್ದರೆ ಬಿಚ್ಚಿ ನೋಡಬೇಕು.

'ಶಾಫ್ಟ್ ಪೂರ್ತಿ ನೇರ ಇದ್ದರೆ ಕ್ರಾಸ್ ಶಾಶ್ವತ' ಅನ್ನುವುದೂ ತಪ್ಪು. ಓರೆಯೇ ಇಲ್ಲದಿದ್ದರೆ ನೀಡಲ್‌ಗಳು ಅಲ್ಲಾಡುವುದೇ ಇಲ್ಲ. ಅದೇ ಜಾಗದಲ್ಲಿ ಒತ್ತಿ ಒತ್ತಿ ತೋಳಿನ ಮೇಲೆ ಗೆರೆ ಬೀಳುತ್ತದೆ, ಉಗುರು ಆಡಿಸಿದರೆ ತಟ್ಟುತ್ತದೆ. ಗಾಡಿ ಮಾಡುವವರು ಬೇಕಂತಲೇ ಒಂಚೂರು ಓರೆ ಬಿಟ್ಟಿರುತ್ತಾರೆ.

'ಎಲ್ಲ ವಾಹನಕ್ಕೂ ಪ್ರತಿ 5000 ಕಿಲೋಮೀಟರಿಗೆ ಗ್ರೀಸ್' ಅನ್ನುವ ಸಾಲು ತೆಗೆಯಿರಿ. ನಿಪ್ಪಲ್ಲೇ ಇಲ್ಲದ ಸೀಲ್ಡ್ ಕ್ರಾಸ್‌ಗಳೂ ಇವೆ. ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದು. ಅದರ ಜೊತೆಗೆ, ಮಳೆಗಾಲದಲ್ಲಿ ಹಳ್ಳ ದಾಟಿದ ಗಾಡಿಗೆ, ಗದ್ದೆಗೆ ಇಳಿದ ಟ್ರ್ಯಾಕ್ಟರಿಗೆ ಅವಧಿ ಕಾಯಬಾರದು ಅಂತ ಬರೆಯಿರಿ. 'ರಬ್ಬರ್ ಬೂಟ್ ಹರಿದಿದೆಯಾ ನೋಡಿ' ಅನ್ನುವುದು ಇಲ್ಲಿಯದೇ ಅಲ್ಲ. ಅದು ಮಾರುತಿ 800 ಥರದ, ಮುಂದಿನ ಚಕ್ರ ಎಳೆಯುವ ಕಾರುಗಳ ಸಿವಿ ಜಾಯಿಂಟಿನದು, ಅಂದರೆ ವೇಗವನ್ನು ಒಂದೇ ಸಮ ದಾಟಿಸುವ ಜಾಯಿಂಟಿನದು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅನ್ನುತ್ತದಲ್ಲ, ಅದೂ ಅದರದೇ. ಕ್ರಾಸ್‌ನ ಏರುಪೇರು ಅಷ್ಟು ದೊಡ್ಡ ಕೋನದಲ್ಲಿ ತಡೆಯಲಾಗದ್ದು ಅಂತಲೇ ಅಲ್ಲಿ ಬೇರೆ ಜಾಯಿಂಟ್ ಹಾಕಿರುವುದು. ಒಂದು ಸಾಲಿನಲ್ಲಿ ಈ ವ್ಯತ್ಯಾಸ ಹೇಳಿ ಮುಂದೆ ಹೋಗಿ.

ಇಡೀ ಲೇಖನದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ, ಶಿರಾಡಿ ಘಾಟ್ ಹತ್ತಿ ಸಕಲೇಶಪುರದಲ್ಲಿ ಲೋಡ್ ಇಳಿಸಿ ನೀವು ಟಾಟಾ 407 ಲಾರಿಗೆ ರಿವರ್ಸ್ ಹಾಕಿದಾಗ ಕೆಳಗಿಂದ 'ಟಣ್' ಅಂದಿದ್ದು. ಅಲ್ಲಿಂದ ಶುರು ಮಾಡಿ. ಆದರೆ ಮುಂದಿನ ಸಾಲಿನಲ್ಲೇ 'ಕ್ರಾಸ್ ಹೋಗಿದೆ ಎಂದು ತಿಳಿಯಿತು' ಅಂತ ಬರೆದಿದ್ದೀರಿ. ಹೇಗೆ ತಿಳಿಯಿತು? ಆ ಶಬ್ದ ಹಿಂದಿನ ಆಕ್ಸಲ್‌ನ ಹೌಸಿಂಗ್ ಒಳಗಿನ ಗೇರ್ ಹಲ್ಲಿನ ಗ್ಯಾಪಿನಿಂದಲೂ ಬರುತ್ತದೆ, ಸ್ಲಿಪ್ ಜಾಯಿಂಟ್ ಸವೆದರೂ ಬರುತ್ತದೆ. ಕೆಳಗೆ ಮಲಗಿ, ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಪಕ್ಕದ ಯೋಕ್ ಹಿಡಿದು ಎದುರುಬದುರು ತಿರುಗಿಸಿ ನೋಡಿದರೆ ತಾನೇ ಗೊತ್ತಾಗುವುದು? ಎರಡು ಯೋಕ್‌ಗಳ ನಡುವೆ ಕಣ್ಣಿಗೆ ಕಾಣುವ ಆಟ ಇದ್ದರೆ ಕ್ರಾಸ್ ಬದಲಿಸಬೇಕು. ಎರಡೂ ಒಟ್ಟಿಗೇ ಆಡಿದರೆ ತಪ್ಪು ಬೇರೆ ಕಡೆ ಇದೆ. ಕಪ್ಪಿನ ಸುತ್ತ ಕೆಂಪು ತುಕ್ಕಿನ ಪುಡಿ ಇತ್ತಾ? ನಿಧಾನಕ್ಕೆ ಹೋಗುವಾಗ ಚಿಂವ್ ಚಿಂವ್ ಅಂತಿತ್ತಾ? ನೀವು ಆವತ್ತು ನೋಡಿದ್ದೇನು ಅಂತ ಬರೆಯಿರಿ, ತೀರ್ಪು ಆಮೇಲೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬಂತು. ಕೆಳಗೆ ನುಗ್ಗುವ ಮೊದಲು ಚಕ್ರಕ್ಕೆ ಕಲ್ಲು ಕೊಡಬೇಕು ಅಂತ ಎಲ್ಲೂ ಇಲ್ಲ. 'ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿ ಶಾಫ್ಟ್ ಬಿಚ್ಚಿ' ಅಂತಿದೆ. ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಇರುವ ಕೊಂಡಿಯೇ ಆ ಶಾಫ್ಟ್! ಕೊನೇ ಬೋಲ್ಟ್ ಬಂದ ಕ್ಷಣ ಗೇರ್ ಯಾವುದನ್ನೂ ಹಿಡಿದಿರುವುದಿಲ್ಲ, ಇಳಿಜಾರಿದ್ದರೆ ಗಾಡಿ ಕೆಳಗೆ ಮಲಗಿದವನ ಮೇಲೇ ಹೊರಡುತ್ತದೆ. ಸಮತಟ್ಟು ಜಾಗ, ಎರಡೂ ಕಡೆ ಕಲ್ಲು, ಎತ್ತಿದ್ದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್. ನಿಮ್ಮ ಲೇಖನವನ್ನು ಮೊಬೈಲಲ್ಲಿ ತೆಗೆದಿಟ್ಟುಕೊಂಡೇ ಯಾರೋ ಕೆಳಗೆ ನುಗ್ಗುತ್ತಾರೆ ಅಂದುಕೊಂಡು ಬರೆಯಿರಿ.

ಹೊಸ ಕ್ರಾಸ್ ಹಾಕುವ ಭಾಗ ಚೆನ್ನಾಗಿದೆ. ಒಂದು ಮಾತು ಸೇರಿಸಿ: ಕಪ್ ಪೂರ್ತಿ ಒಳಗೆ ಹೋಗದೆ ಲಾಕ್ ಕೂರದಿದ್ದರೆ, ಒಂದು ನೀಡಲ್ ತಳಕ್ಕೆ ಅಡ್ಡ ಬಿದ್ದಿರುವ ಸಾಧ್ಯತೆ ಜಾಸ್ತಿ. ಅಲ್ಲಿ ಸುತ್ತಿಗೆ ಎತ್ತಿದರೆ ಹೊಸದೂ ಹಾಳು.

ಟ್ರ್ಯಾಕ್ಟರ್ ಯಾಕೆ ಬಿಟ್ಟಿರಿ? ನಮ್ಮ ಓದುಗರಲ್ಲಿ ರೈತರಿದ್ದಾರೆ, ಅವರು ಕಣ್ಣಾರೆ ನೋಡುವ ಕ್ರಾಸ್ ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಬಲ ಕೊಡುವ ಪಿಟಿಒ ಶಾಫ್ಟಿನದು. ರೋಟವೇಟರ್ ಎತ್ತಿದಾಗ ಪಿಟಿಒ ಆಫ್ ಮಾಡದಿದ್ದರೆ ಗಡಗಡ ಅನ್ನುತ್ತದಲ್ಲ, ಅದು ಓರೆ ಹೆಚ್ಚಾಗಿದ್ದರಿಂದ ಬರುವ ಅದೇ ಏರುಪೇರು. ನೀವು ವಿವರಿಸಬೇಕಾದ ಇಡೀ ವಿಷಯ ಅವರ ಕಿವಿಗೆ ಆಗಲೇ ಗೊತ್ತು. ಆ ಶಾಫ್ಟಿನ ಪ್ಲಾಸ್ಟಿಕ್ ಕವರ್ ತೆಗೆದು ಓಡಿಸುವವರಿಗೂ ಒಂದು ಮಾತು ಹೇಳಿ. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು, ಟವೆಲ್ಲೋ ಸೆರಗೋ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದಕ್ಕೆ ಸಮಯವೇ ಇರಲ್ಲ.

ಉದ್ದ ಈಗಿನದರ ಅರ್ಧ ಇರಲಿ. 'ಅದ್ಭುತ', 'ವಿಸ್ಮಯ' ಎಲ್ಲ ತೆಗೆದರೆ ಕಾಲು ಭಾಗ ಹಾಗೇ ಇಳಿಯುತ್ತದೆ. ಇಂಟರ್ನೆಟ್ಟಿನಿಂದ ತೆಗೆದ ಚಿತ್ರ ಬೇಡ. ನಿಮ್ಮ ಗಾಡಿಯ ಹಳೇ ಕ್ರಾಸ್ ಗ್ಯಾರೇಜಿನಲ್ಲಿ ಇನ್ನೂ ಬಿದ್ದಿದ್ದರೆ ಒರೆಸಿ, ತೋಳಿನ ಮೇಲಿನ ಗೆರೆ ಕಾಣುವ ಹಾಗೆ ಪಕ್ಕದ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಫ್ಲ್ಯಾಶ್ ಹಾಕಬೇಡಿ, ಉಕ್ಕು ಹೊಳೆದು ಗೆರೆ ಕಾಣಿಸಲ್ಲ.